ಹನ್ನೊಂದು ಜೋಳದ ಕಾಳು

ಮಸಲ್ ಅಂದರೆ ಪುಟ್ಟ ಇಲಿ.
ನಗಬೇಡಿ. ನಾನೂ ನಕ್ಕಿದ್ದೆ,
ಮಿರಜಿನ ಕಾಲೇಜಿನ ಮೂರನೆಯ ಬೆಂಚಿನಲ್ಲಿ
ಫಾರ್ಮಾಲಿನ್ ವಾಸನೆಗೆ ಮೂಗಿಗೆ ವೇಲು ಒತ್ತಿಕೊಂಡು.
ಲ್ಯಾಟಿನ್ನಿನಲ್ಲಿ ಮುಸ್ ಎಂದರೆ ಇಲಿ,
ಮುಸ್ಕುಲುಸ್ ಎಂದರೆ ಅದರ ಮರಿ, ಎನ್ನುತ್ತ
ಕುರುಂದವಾಡಕರ ಮೇಡಂ ತಮ್ಮದೇ ತೋಳು ಮಡಚಿದರು.
ರವಿಕೆಯ ಅಂಚಿನ ಕೆಳಗೆ ಏನೋ ಒಂದು
ಓಡಿತು, ನಿಂತಿತು.

ಯಾವನೋ ರೋಮಿನವನು,
ಮೀಯುವಾಗಲೋ ನೊಗ ಎತ್ತುವಾಗಲೋ
ತನ್ನ ತೊಗಲಿನ ಕೆಳಗೆ ಇಲಿ ಕಂಡಿರಬೇಕು.
ಕಂಡದ್ದನ್ನು ಹೇಳಿದ. ಅಷ್ಟೇ.
ಹೆಸರು ಉಳಿಯಿತು, ಅವನು ಮಣ್ಣಾದ.

ನಮ್ಮ ಕನ್ನಡ ಶಾಲೆಯ ಪುಸ್ತಕದಲ್ಲಿ ಅದು ಸ್ನಾಯು.
ಓದಿದೆ, ಬರೆದೆ, ಮಾರ್ಕು ತಗೊಂಡೆ.
ಆ ಮಾತಿನೊಳಗೆ ಏನೂ ಓಡಾಡುತ್ತಿರಲಿಲ್ಲ.

ಗುರುವಾರ ಗುರುವಾರ ಉಮದಿಗೆ ಹೋಗುತ್ತೇನೆ,
ಜತ್ತಿನಿಂದ ಎಸ್‌ಟಿ ಬಸ್ಸು,
ಟಿಕೀಟು ಮರಾಠಿ, ಸೀಟಿನ ಜಗಳ ಕನ್ನಡ.
ದಸ್ತಗೀರ ವಸ್ತಾದರ ಬಲಗೈಗೆ ಲಕ್ವಾ.
ನಲವತ್ತು ವರ್ಷ ಗರಡಿಯ ಕೆಮ್ಮಣ್ಣು ಕಲಸಿದ ಕೈ
ಈಗ ಹೊರಸಿನ ಮೇಲೆ ಯಾರೋ ಮರೆತು ಹೋದ ಟಾವೆಲ್ಲು.

ಬೇಸರ ಕಳೆಯಲೆಂದು ಹೇಳಿದೆ:
ಅಜ್ಜಾ, ಇಂಗ್ಲಿಷರು ಇದಕ್ಕ ಇಲಿಮರಿ ಅಂತಾರ.
ಬಾಯಿ ಒಂದು ಕಡೆಗೆ ಜಗ್ಗಿದ್ದರೂ ನಕ್ಕರು.
"ಇಲಿಮರಿ ಅವರದಿರಬೇಕು.
ನನ್ನ ತೋಳದಾಗ ಹೆಗ್ಗಣ ಇತ್ತು."

ಆಮೇಲೆ ಮಾತು ತೊದಲುತ್ತ ಬಂತು.
ಸಾಂಗಲಿ ಕಡೆಯ ಮಂದಿ ತೋಳಿನ ಉಬ್ಬಿಗೆ
ಬೇಡಕುಳಿ ಅಂತಿದ್ದರಂತೆ, ಅಂದರೆ ಕಪ್ಪೆಮರಿ.
"ಖಾನಾಪುರದಾವ ಒಬ್ಬ, ಅಖಾಡಾದಾಗ ಇಳಿದು
ಎರಡೂ ತೋಳ ಮಡಚಿ ಕಪ್ಪಿ ಕುಣಿಸಿದ.
ನಾ ಏನೂ ತೋರಿಸಲಿಲ್ಲ.
ಹೆಗ್ಗಣ ಮಂದಿ ಮುಂದ ಹೊರಗ ಬರೂದಿಲ್ಲ.
ಏಳ ಮಿನಿಟಿನ್ಯಾಗ ಅವನ ಬೆನ್ನ ಮಣ್ಣಿಗೆ."

ಲುಂಗಿ ಸರಿಸಿ ಎಡಗಾಲಿನ ಹಿಂಬದಿ ತಟ್ಟಿದರು:
"ಇದು ನೋಡು, ಇನ್ನೂ ಐತಿ. ಮೀನಖಂಡ."
ಹುಟ್ಟಿದಾಗಿನಿಂದ ಕೇಳಿದ ಪದ.
ಅದರೊಳಗೆ ಮೀನಿದೆ ಎಂದು
ಇಪ್ಪತ್ತಾರು ವರ್ಷ ನನಗೆ ಹೊಳೆದೇ ಇರಲಿಲ್ಲ.
ಮೂರು ತಿಂಗಳು ಹರಿದು ಒಂಬತ್ತು ತಿಂಗಳು ಉಸುಕಾಗುವ
ಹಳ್ಳದ ದಂಡೆಯಲ್ಲಿ
ಯಾರಿಗೆ ಕಂಡಿತ್ತೋ ಕಾಲಿನಲ್ಲಿ ಮೀನು!

ಒಳಗಿನಿಂದ ಮಾಲನಬಿ:
"ಇವರ ಮೈಯಾಗ ಬರೇ ಇಲಿ, ಕಪ್ಪಿ, ಮೀನ.
ಪಡಸಾಲ್ಯಾಗಿನ ಇಲಿ ಹಿಡಿಯಾಕ ಯಾರೂ ಇಲ್ಲ."

ಗಣಪನ ಮೂಷಕ, ರೋಮಿನ ಮುಸ್,
ಎರಡೂ ಒಂದೇ ಬಿಲದವಂತೆ.
ಎಷ್ಟು ಗಡಿಕಲ್ಲಿನ ಬುಡಕ್ಕೆ ತೂತು ಕೊರೆದಿರಬೇಕು ಅವು.
ಇದನ್ನು ಅವರಿಗೆ ಹೇಳಲಿಲ್ಲ.
ಕೈ ನೋಡುತ್ತಿದ್ದೆ.

ಮೊಣಕೈ ಮಡಿಕೆಯ ಮೇಲೆ ಎರಡು ಬೆರಳಿಟ್ಟು
ಕಾಯುತ್ತೇನೆ. ಈಗ ಎಳೀರಿ. ಮನಸಿನಾಗ ಎಳೀರಿ.
ಏನಿಲ್ಲ.
ಗೋಡೆಯ ಗಡಿಯಾರ. ದೂರದಲ್ಲಿ ಹಿಟ್ಟಿನ ಗಿರಣಿ.
"ಬೆಕ್ಕಿನಂಗ ಕುಂತೀಯಲ್ಲವ್ವ ಬಿಲದ ಬಾಯಾಗ,
ಹೆಂಗ ಬರತೈತಿ ಅದು?"
ಬೆರಳು ತೆಗೆದೆ.

ಹೊರಡುವ ಮುಂಚೆ ತಾಟಿನಲ್ಲಿ
ಹನ್ನೊಂದು ಜೋಳದ ಕಾಳು ಎಣಿಸಿ ಬಲಗೈ ಪಕ್ಕ ಇಡುತ್ತೇನೆ,
ಒಂದಾದರೂ ಎತ್ತಿ ಬಟ್ಟಲಿಗೆ ಹಾಕಲಿ ಎಂದು.
ಆರು ವಾರ ಹನ್ನೊಂದೂ ಹಾಗೇ ಇದ್ದವು.
ಮಾಲನಬಿ ಅವನ್ನು ಕೋಳಿಗೆ ಎರಚುತ್ತಿದ್ದರು,
ನಾನು ಹೊಸವನ್ನು ಎಣಿಸುತ್ತಿದ್ದೆ.

ಈ ಗುರುವಾರ ಹತ್ತು.
ಬಟ್ಟಲು ಖಾಲಿ.
ಹೊರಸಿನ ಕೆಳಗೂ ಬಗ್ಗಿ ನೋಡಿದೆ.
ವಸ್ತಾದರು ತೊಲೆ ನೋಡುತ್ತ ಮಲಗಿದ್ದರು.
"ಇಲಿ ಒಯ್ದಿರಬೇಕು," ಅಂದರು.